ಅಮೋಘಪ್ಪ ಪೈಪಿಗೆ ಟ್ಯೂಬು ಸುತ್ತಿದ್ದು

ಇಷ್ಟಕ್ಕೆಲ್ಲ ಮೂಲ ಸೈಕಲ್ಲಿನ ಒಂದು ಹಳೇ ಟ್ಯೂಬು. ಕಮಲಾಪುರದ ನೀರಿನ ಪಂಪ್‌ಹೌಸಿನ ಆಪರೇಟರ್ ಅಮೋಘಪ್ಪ ಅದನ್ನು ಬೆಳ್ಳಂಬೆಳಿಗ್ಗೆ ಸೀಳಿ, ವರ್ಷಗಟ್ಟಲೆ ಸೋರುತ್ತಿದ್ದ ಪೈಪಿನ ಜಾಯಿಂಟಿಗೆ ಬಿಗಿಯಾಗಿ ಸುತ್ತಿಬಿಟ್ಟ.

ಕರೆಂಟು ಉಳಿಸಬೇಕು, ಹೊಗೆ ಇಳಿಸಬೇಕು ಎಂದು ಕಲಬುರಗಿಯ ಕಚೇರಿಯಿಂದ ಹುಕುಂ ಬಂದಿತ್ತು. ಇಲ್ಲಿ ಪಂಪು ತಿರುಗಿದರೆ ಎಲ್ಲೋ ಕಲ್ಲಿದ್ದಲು ಉರಿದು ಆಕಾಶ ಕೆಡುತ್ತದೆ ಎಂಬುದು ಅಮೋಘಪ್ಪನ ತಲೆಗೆ ಹೋಗಲಿಲ್ಲ. ಹೋದದ್ದು ಒಂದೇ: ಹೆಚ್ಚು ಉಳಿಸಿದವನಿಗೆ ಕಲಬುರಗಿಗೆ ವರ್ಗ. ಹೆಂಡತಿ ಮಹಾದೇವಮ್ಮ ಅಲ್ಲಿ ಸೇಡಂ ರಸ್ತೆಯ ದವಾಖಾನೆಯಲ್ಲಿ ನರ್ಸು. "ಈ ಸಲ ವರ್ಗ ಆಗಲಿಲ್ಲಂದ್ರ ಆ ಪಂಪಿನ ಕೂಡೇ ಸಂಸಾರ ಮಾಡ್ರಿ" ಎಂದು ಹೇಳಿ ಕಳಿಸಿದ್ದಳು.

ದಿನವೂ ಸಂಜೆಗೆ ತುಂಬುತ್ತಿದ್ದ ಟ್ಯಾಂಕು ಅಂದು ಮಧ್ಯಾಹ್ನದೊಳಗೇ ತುಂಬಿತು. ಪಂಪು ಬಂದಾಯಿತು. ಬಾಯಿಗಳು ಚಾಲೂ ಆದವು.

"ಏ ಅಮೋಘ್ಯಾ, ನನ್ನ ಎಮ್ಮಿ ಎಲ್ಲಿ ನೀರು ಕುಡೀಬೇಕೋ?" ಎನ್ನುತ್ತ ಪಕ್ಕದ ಮನೆಯ ಬಂಡಮ್ಮ ಎಮ್ಮೆಯನ್ನೇ ಅಂಗಳಕ್ಕೆ ನುಗ್ಗಿಸಿದಳು.

"ಸೋರೂ ನೀರು ಬಂದ್ ಮಾಡೀನಿ ಯವ್ವಾ. ಕರೆಂಟು ಉಳೀತದ."

"ನನ್ನ ಎಮ್ಮಿ ಕರೆಂಟು ಕುಡೀತದೇನೋ?"

ಹಿಂದೆಯೇ ಕಾಶಿರಾಯ ಓಡಿಬಂದ. ಅವನ ಕೆಂಪು ಬಾಳೆಯ ತೋಟ ಬೆಳೆದದ್ದೇ ಆ ಸೋರಿಕೆಯಿಂದ. "ತಮ್ಮಾ, ನೀ ಟ್ಯೂಬು ಸುತ್ತಿದ್ದು ಪೈಪಿಗಲ್ಲ, ನನ್ನ ಕುತ್ತಿಗಿಗೆ!"

ಬಿಚ್ಚಲು ಅವರು, ಬಿಚ್ಚಗೊಡದೆ ಇವನು ಜಗ್ಗಾಡುತ್ತಿರುವಾಗಲೇ ತಪಾಸಣೆಗೆ ಕಲಬುರಗಿ ಕಚೇರಿಯ ಮುಕುಂದರಾವ್ ಸಾಹೇಬರ ಜೀಪು ಬಂತು. ಸಾಹೇಬರು ಇಳಿದರು, ಇಂಜಿನ್ನು ಗುರುಗುಡುತ್ತಲೇ ಇತ್ತು.

ಮೀಟರು ನೋಡಿದ್ದೇ ಅವರ ಮುಖ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತು. "ಶಾಬಾಶ್! ಅರ್ಧಾ ಕರೆಂಟು ಉಳಿಸೀದಿ! ನಿನ್ನ ವರ್ಗ ಪಕ್ಕಾ."

ಕಾಶಿರಾಯ ಬಾಳೆಯ ಬುಟ್ಟಿಯನ್ನು ಜೀಪಿನಲ್ಲಿಟ್ಟು ಕೈಮುಗಿದ. "ವಾರಾ ವಾರಾ ನಿಮ್ಮ ಮನಿಗಿ ಕಳಸ್ತಿದ್ದೆರಿ. ಇದೇ ಕಡೀ ಗೊನಿ. ಸೋರೂ ನೀರು ನಿಂತದ."

ಪೂರಿ ಇಳಿಯಿತು. ಸಾಹೇಬರು ಪೈಪು ನೋಡಿದರು, ಬುಟ್ಟಿ ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅಮೋಘಪ್ಪ, ಗಿಡಾ ಹೊಗಿ ನುಂಗ್ತಾವ. ನಮ್ಮ ಇಲಾಖೆದಾಗ ಹೊಗಿ ನುಂಗೋ ತೋಟ ಇದೊಂದೇ ಅದ. ಇದು ಸೋರಿಕಿ ಅಲ್ಲ, ಪರಿಸರ ಯೋಜನೆ. ಬಿಚ್ಚು ಟ್ಯೂಬು!"

"ಮತ್ತ ಕರೆಂಟು, ಸಾಹೇಬ್ರ?"

"ಅದನ್ನ ಓಣಿ ನಳದಾಗ ಉಳಸು. ಮಂದಿಗೆ ಒಂದಿನ ಬಿಟ್ಟು ಒಂದಿನ ನೀರು ಬಿಡು."

"ನನ್ನ ವರ್ಗರೀ?"

"ಇಂಥಾ ಯೋಜನೆ ಬ್ಯಾರೇದವರ ಕೈಯಾಗ ಬಿಡಲೇನು? ರಿಟೈರ್ ಆಗೋತನಕ ನೀ ಇಲ್ಲೇ."

ಜೀಪು ಬಾಳೆ ಹೊತ್ತು ಹೊಗೆ ಉಗುಳುತ್ತ ಹೋಯಿತು. ಅಮೋಘಪ್ಪ ಟ್ಯೂಬು ಬಿಚ್ಚಿದ. ನೀರು ಮುಖಕ್ಕೇ ಚಿಮ್ಮಿತು. ತಾನು ಉಳಿಸಿದ್ದೇನು, ಕಳೆದದ್ದೇನು ಎಂಬುದೇ ತಿಳಿಯದೆ ಎಮ್ಮೆಯ ಮುಖ ನೋಡಿದ. ಆಮೇಲೆ ಒಳಗೆ ಹೋಗಿ ಪಂಪಿನ ಸ್ವಿಚ್ಚು ಒತ್ತಿದ.

ಮಹಾದೇವಮ್ಮ ಹೇಳಿದ ಸಂಸಾರ ಗುರ್ರೆಂದು ಶುರುವಾಯಿತು.