ಬೊಳ್ಳಿಯ ಕುಲವೃತ್ತಾಂತ

ಬೆಳಗ್ಗೆ ಆರೂವರೆಗೆ ಅಣ್ಣು ಶೆಟ್ಟರ ನಾಯಿ ಬೊಳ್ಳಿ, ಅತ್ತಾವರದ ಅವರ ಫ್ಲ್ಯಾಟಿನ ಅಂಗಳದಲ್ಲಿ ವಾಕಿಂಗ್ ಹೊರಟಿದ್ದ ಒಂಬತ್ತು ಮಂದಿಯನ್ನು ಸುತ್ತುಹಾಕಿ, ಹಿಮ್ಮಡಿಗೆ ಮೂತಿ ತಾಗಿಸುತ್ತಾ, ನೀರಿನ ಟ್ಯಾಂಕಿಯ ಮೂಲೆಗೆ ಒಟ್ಟುಮಾಡಿ ನಿಲ್ಲಿಸಿತು. ಕಚ್ಚಲಿಲ್ಲ, ಬೊಗಳಲೂ ಇಲ್ಲ. ಸುಮ್ಮನೆ ದಿಟ್ಟಿಸಿತು. ಒಂಬತ್ತು ಮಂದಿಯೂ ಮಗ್ಗಿ ಮರೆತ ಮಕ್ಕಳಂತೆ ಅಲುಗಾಡದೆ ನಿಂತರು.

ನಾಯಿಯನ್ನು ಹೊರಹಾಕಲೇಬೇಕೆಂದು ಮೂರನೆಯ ಮಹಡಿಯ ಹೇಮಾಕ್ಷಿ ಹಟ ಹಿಡಿದರು. ಸಂಜೆ ನಾಲ್ಕಕ್ಕೆ ಸಭೆ ಎಂದು ಫ್ಲ್ಯಾಟಿನವರ ಸಂಘದ ಕಾರ್ಯದರ್ಶಿ ಸೆವರಿನ್ ಹೇಳಿಕಳುಹಿಸಿದರು. ಶೆಟ್ಟರು ಗಂಜಿ ಬಿಟ್ಟೆದ್ದು ಸೋದರಳಿಯನಿಗೆ ಫೋನ್ ಮಾಡಿದರು. ಬೊಳ್ಳಿ ಅವರ ಹೆಂಡತಿ ಶಶಿಪ್ರಭಾ ಸಾಕಿದ ನಾಯಿ. ಆಕೆ ದೇವರ ಪಾದ ಸೇರಿ ಏಳು ತಿಂಗಳಾಗಿತ್ತು. ಮನೆಯಲ್ಲಿ ಶೆಟ್ಟರ ಮಾತಿಗೆ ಕಿವಿ ನಿಮಿರಿಸುವ ಜೀವ ಅದೊಂದೇ.

ಸೋದರಳಿಯ ವಿನೀತ್ ಮಧ್ಯಾಹ್ನವಿಡೀ ಮೊಬೈಲ್ ನೋಡಿ ಪಾಠ ಹೇಳಿಕೊಟ್ಟ. ಸಭೆಯಲ್ಲಿ ಶೆಟ್ಟರು ತಲೆತಲಾಂತರದ ಗುತ್ತಿನ ಮನೆಯ ಚರಿತ್ರೆ ಹೇಳುವ ಗಾಂಭೀರ್ಯದಿಂದ ಆರಂಭಿಸಿದರು. ಬೊಳ್ಳಿಯ ತಾಯಿ ಬಾರ್ಡರ್ ಕೋಲಿ. ಇಂಗ್ಲೆಂಡು ಸ್ಕಾಟ್ಲೆಂಡುಗಳ ಗಡಿಯ ಗುಡ್ಡಗಳಲ್ಲಿ ಕುರಿಗಾಹಿಗಳು ಬೆಳೆಸಿದ ತಳಿ. ನೂರಮೂವತ್ತು ವರ್ಷಗಳ ಹಿಂದೆ ಅಲ್ಲಿ ಹೆಂಪ್ ಎಂಬ ನಾಯಿ ಬೊಗಳದೆ, ಬರೇ ಕಣ್ಣಿನಿಂದಲೇ ಮಂದೆಯನ್ನು ನಡೆಸುತ್ತಿತ್ತು. ಇಂದಿನ ಕೋಲಿಗಳಲ್ಲಿ ಬಹುಪಾಲು ಅದರ ಸಂತಾನ. ಆದ್ದರಿಂದ ಬೆಳಗ್ಗೆ ನಡೆದದ್ದು ಹಲ್ಲೆಯಲ್ಲ, ಕುಲಕಸುಬು.

"ಹಾಗಾದ್ರೆ ನಾವು ಕುರಿಗಳು ಅಂತಾಯ್ತು," ಎಂದರು ಹೇಮಾಕ್ಷಿ. "ಇದರ ತಂದೆ ಯಾರು?"

"ಕಂಕನಾಡಿ ಮಾರ್ಕೆಟಿನದ್ದು. ಮೀನಿನವರ ಎದುರು ಮಲಗಿರ್ತದೆ. ಆದ್ರೆ ನಮ್ಮಲ್ಲಿ ತಂದೆಯನ್ನು ಕೇಳುವ ಕ್ರಮ ಉಂಟಾ ಹೇಮಕ್ಕ? ಕುಲ, ಬಳಿ ಎಲ್ಲ ಬರುವುದು ತಾಯಿಯಿಂದ ಅಲ್ವಾ?"

ತಾಯಿಯ ಕಡೆಯಿಂದಲೇ ಕುಲ ಎಣಿಸುತ್ತ ಬಂದ ಜನ ಇದನ್ನು ಅಲ್ಲಗಳೆಯುವುದು ಹೇಗೆ? ಹೇಮಾಕ್ಷಿಯೂ ತಲೆದೂಗಿದರು. ಬೊಳ್ಳಿ ಅಪ್ಪಟ ಕೋಲಿ ಎಂದು ಎಲ್ಲರೂ ಕೈಯೆತ್ತಿ ಒಪ್ಪಿದರು.

ಸೆವರಿನ್ ಮಾತ್ರ ಪೆನ್ನು ಕೆಳಗಿಟ್ಟರು. "ಎಂತ ಮಾಡಿದ್ರಿ ಶೆಟ್ರೆ? ವಿದೇಶಿ ತಳಿ ಸಾಕಬಾರದು ಅಂತ ಸಂಘದ ನಿಯಮ ಉಂಟು. ಇದು ಊರ ನಾಯಿ, ಇರಲಿ ಅಂತ ನಾನು ಮೊದಲೇ ಬರೆದಿಟ್ಟಿದ್ದೆ. ಇನ್ನು ಕಳಿಸ್ಲೇಬೇಕಲ್ಲ ಮಾರಾಯ್ರೆ."

ಬೊಳ್ಳಿಯನ್ನು ಬಿಟ್ಟಿರುವ ಮಾತೇ ಇಲ್ಲ. ಶೆಟ್ಟರು ಆಗಲೇ ಅದನ್ನು ರಿಕ್ಷಾ ಹತ್ತಿಸಿಕೊಂಡು ಪಡೀಲಿಗೆ ಬಾಡಿಗೆ ಮನೆ ನೋಡಲು ಹೋದರು. ಮನೆ ಹಿಡಿಸಿತು. ಬೀಗದ ಕೈ ಕೊಡಲು ಬಂದ ಮಾಲಕ ಮುಖೇಶ್, ನಾಯಿ ಯಾವ ಜಾತಿಯದೆಂದು ವಿಚಾರಿಸಿದ.

ಬುದ್ಧಿ ಕಲಿತಿದ್ದ ಶೆಟ್ಟರು ತಡಮಾಡಲಿಲ್ಲ. "ನಮ್ಮ ಊರಿನದ್ದೇ. ಬೀದಿಯದ್ದು."

ಮುಖೇಶ್ ಬೀಗದ ಕೈಯನ್ನು ತಿರುಗಿ ಜೇಬಿಗೆ ಹಾಕಿಕೊಂಡ.

"ಬೀದಿನಾಯಿ ಬೇಡ ಶೆಟ್ರೆ. ಒಳ್ಳೆ ಜಾತಿದ್ದಾದ್ರೆ ಕೊಡ್ತಿದ್ದೆ."