ಮೇಷ್ಟ್ರ ಹಲ್ಲು, ಸಭೆಯ ಹೊತ್ತು

ಇಷ್ಟಕ್ಕೆಲ್ಲ ಕಾರಣ ಒಂದೇ ಒಂದು ಸೀನು.

ತಿಂಗಳ ಹಿಂದೆ ಒಂದು ಭಾನುವಾರ, ಚರ್ಚಿನಲ್ಲಿ ಆರಾಧನೆ ಮುಗಿಯುವ ಹೊತ್ತಿಗೆ, ನಿವೃತ್ತ ಹೆಡ್‌ಮೇಷ್ಟ್ರು ಸಭೆಯ ಹಿರಿಯರ ಪರವಾಗಿ 'ಎರಡು ಮಾತು' ಹೇಳಲು ಎದ್ದಿದ್ದರು. ಒಂದು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಮೊದಲನೆಯ ಮಾತು ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಸೀನು ಬಂತು. ಅದರ ಹಿಂದೆಯೇ ಕಟ್ಟಿಸಿಕೊಂಡ ಹಲ್ಲಿನ ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಹೊರಟು, ಕಲ್ಲಿನ ಮೆಟ್ಟಿಲಿಗೆ ಬಡಿದು, ಐದು ತುಂಡಾಗಿ ಮುಂದಿನ ಬೆಂಚಿನವರ ಕಾಲಬುಡದಲ್ಲಿ ಬಿದ್ದವು. ಅಂದಿನ ಆರಾಧನೆ ಅಲ್ಲಿಗೆ ಮುಗಿಯಿತು.

ತುಂಡುಗಳನ್ನು ಕರವಸ್ತ್ರದಲ್ಲಿ ಆರಿಸಿಕೊಂಡವನು ಹಲ್ಲಣ್ಣ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು. ಆದರೆ ಇಪ್ಪತ್ತೆರಡು ವರ್ಷ ಹಲ್ಲಿನ ಸೆಟ್ಟು ಮಾಡಿ ಮಾಡಿ ಆ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತು. ಕೈ ಚಿನ್ನದಂಥದ್ದು. ಅವನು ಮಾಡಿದ ಹಲ್ಲಿನಲ್ಲಿ ಕಬ್ಬು ಸಿಗಿದವರಿದ್ದರು. ಒಂದೇ ತೊಂದರೆ ಏನೆಂದರೆ, ಹೇಳಿದ ದಿನಕ್ಕೆ ಅವನು ಯಾವತ್ತೂ ಏನನ್ನೂ ಕೊಟ್ಟವನಲ್ಲ. ಬಾಗಿಲಿಗೆ ಬಂದವರನ್ನು ಹೋಗಿ ಎನ್ನಲು ನಾಲಿಗೆ ಬಾರದು. ಯಾರೇ ಬರಲಿ, 'ಬನ್ನಿ, ಕೂತ್ಕೊಳ್ಳಿ' ಎಂಬ ಮಾತು ಅವನ ಬಾಯಿಂದ ತೂತಾದ ಕೊಳಾಯಿಯ ನೀರಿನಂತೆ ತಾನಾಗಿಯೇ ಸುರಿಯುತ್ತಿತ್ತು.

ಸಾಲದ್ದಕ್ಕೆ ಇದೇ ಹೆಡ್‌ಮೇಷ್ಟ್ರ ಶಾಲೆಯಲ್ಲಿ ಓದಿದವನು. ಓದಿದ್ದಕ್ಕಿಂತ ಹೆಚ್ಚು ತಡವಾಗಿ ಬಂದು ತರಗತಿಯ ಹೊರಗೆ ನಿಂತವನು. ಹೊರಗಿನಿಂದಲೇ ಮಗ್ಗಿ ಕಲಿತೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಹಾಗಿರುವಾಗ ಸಭಾಪಾಲಕರು ಈ ವಾರವನ್ನು 'ಹೊತ್ತಿನ ವಾರ' ಎಂದು ಸಾರಿದರು. ಭಾನುವಾರದ ಪ್ರಸಂಗದಲ್ಲಿ ಅವರು ಹೇಳಿದ್ದು ಇಷ್ಟೆ: ದಿನದ ಇಪ್ಪತ್ನಾಲ್ಕು ಗಂಟೆ ನಮ್ಮದಲ್ಲ, ದೇವರದು, ನಾವು ಅದನ್ನು ನೋಡಿಕೊಳ್ಳುವ ಮನೆವಾರ್ತೆಯವರು ಮಾತ್ರ, ಒಡೆಯ ಬಂದು ಕೇಳಿದಾಗ ಪೋಲು ಮಾಡಿದೆವು ಅನ್ನುವ ಹಾಗಾಗಬಾರದು. ಎಲ್ಲರೂ ತಲೆಯಾಡಿಸಿದರು. ಹಲ್ಲಣ್ಣನ ಕಣ್ಣಲ್ಲಿ ನೀರು ಬಂತು. ಮನೆಗೆ ಬಂದವನೇ ಒಂದು ಹಾಳೆ ತೆಗೆದು, ಗೆರೆ ಹಾಕಿ, ಶನಿವಾರದ ದಿನವನ್ನು ಕಾಲು ಕಾಲು ಗಂಟೆಯಾಗಿ ಕತ್ತರಿಸಿಟ್ಟ. ಶನಿವಾರ ಸಂಜೆ ಆರಕ್ಕೆ ವಾರದ ಕೊನೆಯ ಕೂಟ. ಮುಖ್ಯ ಭಾಷಣ ಹೆಡ್‌ಮೇಷ್ಟ್ರದು. ಅವರ ಹಲ್ಲು ಮನೆಯಲ್ಲೇ ಇದ್ದ ಅಂಗಡಿಯಲ್ಲಿ, ಹಲ್ಲಣ್ಣನ ಮೇಜಿನ ಮೇಲೆ, ಇನ್ನೂ ಕಚ್ಚಾ ಮೇಣದ ಒಸಡಿನಲ್ಲೇ ಕೂತಿತ್ತು.

ಶನಿವಾರ ಬೆಳಿಗ್ಗೆ ಏಳೂವರೆಗೆ ಹೆಂಡತಿ ಆಸ್ಪತ್ರೆಯ ಕೆಲಸಕ್ಕೆ ಹೊರಟು, ಬಾಗಿಲಲ್ಲಿ ನಿಂತು ಹೇಳಿದಳು. "ಇವತ್ತು ಯಾರೇ ಬಂದ್ರೂ ಕೂರಿಸ್ಬೇಡಿ. ಮೇಷ್ಟ್ರಿಗೆ ಮಾತು ಕೊಟ್ಟಿದ್ದೀರಿ."

"ಇಲ್ಲ ಕಣೇ. ಇವತ್ತು ಬಾಗಿಲನ್ನೇ ನೋಡಲ್ಲ."

ಎಂಟಕ್ಕೆ ಸರಿಯಾಗಿ ಸಭಾಪಾಲಕರೇ ಬಂದರು.

"ನಿನಗೋಸ್ಕರ ಪ್ರಾರ್ಥನೆ ಮಾಡ್ಬೇಕು ಅಂತ ಕೆಲವರು ಕೇಳ್ಕೊಂಡ್ರಪ್ಪ. ನನ್ನ ಪಟ್ಟೀಲಿ ನಿನಗೆ ಕಾಲು ಗಂಟೆ ಇಟ್ಟಿದ್ದೀನಿ."

ಪ್ರಾರ್ಥನೆಗೆ ಬಂದವರನ್ನು ಹೋಗಿ ಎನ್ನುವುದು ಹೇಗೆ? ಹಲ್ಲಣ್ಣ ಮೊಣಕಾಲೂರಿದ. ಸಭಾಪಾಲಕರು ಅವನ ಕೈಗೋಸ್ಕರ, ಕಣ್ಣಿಗೋಸ್ಕರ, ಒಲೆಗೋಸ್ಕರ, ಮೂವತ್ತೆರಡು ಹಲ್ಲಿಗೂ ಬೇರೆ ಬೇರೆಯಾಗಿ ಅನ್ನುವಷ್ಟು ಮನಃಪೂರ್ವಕವಾಗಿ ಪ್ರಾರ್ಥಿಸಿದರು. ಆಮೆನ್ ಅಂದಾಗ ಎಂಟೂ ಮುಕ್ಕಾಲು. ಚಾಕು ಕಾಯಿಸಲು ಹಚ್ಚಿಟ್ಟ ದೀಪದ ಪಕ್ಕದಲ್ಲಿದ್ದ ಮೇಣ ಅಷ್ಟರಲ್ಲಿ ಮೆತ್ತಗಾಗಿ, ಮೇಷ್ಟ್ರ ಎರಡು ಮುಂಬಲ್ಲು ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದವು. ಅವನ್ನು ಮತ್ತೆ ಕೂರಿಸುವುದರಲ್ಲಿ ಒಂಬತ್ತೂವರೆ.

ಹತ್ತಕ್ಕೆ ಗಾನವೃಂದದ ಮುಂದಾಳು ರಾಗದಮ್ಮ ಬಂದರು. ಜನ ಬೆನ್ನ ಹಿಂದೆ ಇಟ್ಟ ಈ ಹೆಸರು ಅವರಿಗೆ ಗೊತ್ತಿರಲಿಲ್ಲ.

"ಸಂಜೆ ಕೀರ್ತನೆಯಲ್ಲಿ ಗಂಡಸರ ಸ್ವರ ತೀರಾ ಕೆಳಗೆ ಬಿದ್ದಿದೆ. ಒಬ್ಬೊಬ್ಬರ ಮನೆಗೇ ಹೋಗಿ ಕಲಿಸ್ತಿದ್ದೀನಿ. ನಿಮಗೆ ಕಾಲು ಗಂಟೆ."

"ಅಕ್ಕಾ, ನಾನು ಹಾಡೋನೇ ಅಲ್ಲ. ಕೊನೇ ಬೆಂಚಿನವನು."

"ಗೊತ್ತು. ಬಿದ್ದಿರೋ ಸ್ವರ ಅಲ್ಲಿಂದಲೇ ಬರ್ತಿರೋದು."

ಹಲ್ಲಣ್ಣ ಹಾಡುತ್ತಲೇ ಮೇಣದ ಹಲ್ಲನ್ನು ಹಿತ್ತಾಳೆಯ ಡಬ್ಬಿಯೊಳಗೆ ಗಾರೆಯಲ್ಲಿ ಹೂತ. ಹಾಡುತ್ತಲೇ ಬಿಸಿನೀರಲ್ಲಿ ಮೇಣ ಕರಗಿಸಿ ತೆಗೆದ. ಮೇಣವಿದ್ದ ಜಾಗಕ್ಕೆ ಒಸಡಿನ ಬಣ್ಣದ ಹಿಟ್ಟನ್ನು ತುಂಬಿ, ಡಬ್ಬಿಯನ್ನು ಬಿಗಿದು, ಪಾತ್ರೆಯಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟ. ಹನ್ನೆರಡು ಗಂಟೆ. ಸ್ವರ ಮಾತ್ರ ಮೇಲೇಳಲಿಲ್ಲ. ರಾಗದಮ್ಮನಿಗೂ ಅದರ ಅವಸರವಿದ್ದಂತೆ ಕಾಣಲಿಲ್ಲ.

ಈ ಹಿಟ್ಟಿನ ಗುಣ ವಿಚಿತ್ರ. ಮೊದಲ ಒಂದೂವರೆ ಗಂಟೆ ನೀರು ಬೆರಳು ತಾಕಲಾರದಷ್ಟು ಬಿಸಿಯಾಗಿರಬೇಕು, ಆದರೆ ಕುದಿಯಬಾರದು. ಕುದಿಸಿಬಿಟ್ಟರೆ ಒಳಗೆಲ್ಲ ಗುಳ್ಳೆ ಎದ್ದು ಒಸಡು ಸ್ಪಂಜಿನಂತಾಗುತ್ತದೆ. ಹಲ್ಲಣ್ಣ ಉರಿಯನ್ನು ಕೂದಲೆಳೆಯಷ್ಟು ಸಣ್ಣ ಮಾಡಿ, ರಾಗದಮ್ಮನನ್ನು ಗೇಟಿನವರೆಗೆ ಬಿಟ್ಟು, ಅಲ್ಲೂ ಒಂದು ಚರಣ ಹಾಡಿ ಒಳಗೆ ಬಂದರೆ, ಹಾಡಿನ ನಡುವೆ ಅವನ ಬೆನ್ನ ಹಿಂದಿನಿಂದ ಒಳಹೊಕ್ಕಿದ್ದ ಹೆಂಡತಿಯ ಅಕ್ಕ ಒಲೆಯ ಮುಂದೆ ನಿಂತಿದ್ದಳು. ಉರಿ ಪಾತ್ರೆಯ ಸುತ್ತ ಹೂವಿನಂತೆ ಅರಳಿತ್ತು. ಮೇಷ್ಟ್ರ ಹಲ್ಲಿನ ಡಬ್ಬಿಯ ಸುತ್ತ ಎರಡು ಡಜನ್ ಮೊಟ್ಟೆ ಕೂತಿದ್ದವು.

"ಅತ್ತಿಗೆ, ಇದೇನಿದು?"

"ಕೂಟ ಆದ್ಮೇಲೆ ಎಲ್ಲರಿಗೂ ಕೊಡೋಕೆ. ನೀರು ಹೇಗೂ ಕಾಯ್ತಿತ್ತಲ್ಲ. ಒಂದೇ ಉರಿ, ಎರಡು ಕೆಲಸ. ಹೊತ್ತಿನ ವಾರ ಅಲ್ವಾ?"

ಹಲ್ಲಣ್ಣ ಉರಿ ತಗ್ಗಿಸಿ, ತಣ್ಣೀರು ಬೆರೆಸಿ, ಪಾತ್ರೆಯ ಮುಂದೆ ಕೈಮುಗಿದು ನಿಂತ. ನೀರಲ್ಲಿ ಆಗ ತಾನೇ ಸಣ್ಣ ಗುಳ್ಳೆಗಳು ತಲೆ ಎತ್ತುತ್ತಿದ್ದವು. ಇನ್ನೆರಡು ನಿಮಿಷ ತಡವಾಗಿದ್ದರೆ ಮೇಷ್ಟ್ರ ಒಸಡು ಜೇನುಗೂಡಾಗುತ್ತಿತ್ತು. ಅತ್ತಿಗೆ ಕುರ್ಚಿ ಎಳೆದುಕೊಂಡು ಕೂತು, ಬೇಯದ ಮೊಟ್ಟೆಗಳನ್ನು ಬೇಸರದಿಂದ ನೋಡುತ್ತ, ಹೊತ್ತನ್ನು ಹೇಗೆ ಉಳಿಸಬೇಕೆಂದು ಮೂರು ಗಂಟೆಯವರೆಗೆ ಅವನಿಗೆ ವಿವರಿಸಿದಳು.

ಡಬ್ಬಿ ತಾನಾಗಿಯೇ ತಣ್ಣಗಾಗಬೇಕು. ಅವಸರ ಮಾಡಿ ತಣ್ಣೀರಿಗೆ ಹಾಕಿದರೆ ಹಲ್ಲು ಸೊಟ್ಟಗಾಗುತ್ತದೆ. ನಾಲ್ಕೂ ಕಾಲಿಗೆ ಹಲ್ಲಣ್ಣ ಗಾರೆ ಒಡೆದ. ಸೆಟ್ಟು ಹೊರಗೆ ಬಂತು. ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ಇನ್ನು ಅಂಚು ತರಿದು ಹೊಳಪು ಕೊಟ್ಟರೆ ಆಯಿತು. ಅದೇ ಗಳಿಗೆಗೆ ಪಕ್ಕದಂಗಡಿಯ ದರ್ಜಿ ಬಾಯಿ ತೆರೆದುಕೊಂಡೇ ಒಳಗೆ ಬಂದ.

"ಹಲ್ಲಣ್ಣ, ಈ ದವಡೆ ಹಲ್ಲು ಅಲ್ಲಾಡ್ತಿದೆ ನೋಡು. ನಿನಗೆ ಅಂತ ಕಾಲು ಗಂಟೆ ಇಟ್ಕೊಂಡು ಬಂದಿದ್ದೀನಿ."

"ನಾನು ಹಲ್ಲು ಮಾಡೋನು ಮಾರಾಯ, ನೋಡೋನಲ್ಲ. ಡಾಕ್ಟ್ರ ಹತ್ರ ಹೋಗು."

"ಡಾಕ್ಟ್ರು ಊರಲ್ಲಿಲ್ಲ. ಮೇಷ್ಟ್ರಿಗೆ ಹಲ್ಲು ಕೂರಿಸೋದನ್ನೂ ನಿನಗೇ ಬಿಟ್ಟು ಹೋಗಿದ್ದಾರಂತಲ್ಲ. ನೋಡು, ಒಂದೇ ಸಲ."

ಹಲ್ಲಣ್ಣ ನೋಡಿದ. ಯಾವುದೂ ಅಲ್ಲಾಡುತ್ತಿರಲಿಲ್ಲ. ದರ್ಜಿ ಇನ್ನೊಂದು ತೋರಿಸಿದ. ಅದೂ ಕಲ್ಲಿನಂತಿತ್ತು. ಹೀಗೆ ಬಾಯಿಯ ಪ್ರದಕ್ಷಿಣೆ ಮುಗಿಸಿ ದರ್ಜಿ ಎದ್ದು ಹೋದ ಮೇಲೆ ಮೇಜಿನ ಮೇಲೆ ಹಲ್ಲಣ್ಣ ತೆಗೆದಿಟ್ಟಿದ್ದ ಕನ್ನಡಕ ಇರಲಿಲ್ಲ. ಹಲ್ಲಣ್ಣ ಅವನ ಅಂಗಡಿಗೆ ಓಡಿದ. ಬೀಗ. ಹಿಂದಿರುಗಿ ಓಡಿಬಂದು, ಒಂದು ಕಡ್ಡಿ ಮುರಿದ ಹಳೆಯ ಕನ್ನಡಕವನ್ನು ಹುಡುಕಿ, ಕಿವಿಗೆ ದಾರದಿಂದ ಕಟ್ಟಿಕೊಂಡು, ಕಣ್ಣಿಗೆ ಕಾಣದ್ದನ್ನು ಹೆಬ್ಬೆರಳಿಗೆ ಕೇಳಿ ಕೇಳಿ ತರಿದ, ಉಜ್ಜಿದ, ಹೊಳಪಿಟ್ಟ. ಐದೂ ನಲವತ್ತಕ್ಕೆ ಹಲ್ಲು ಕನ್ನಡಿಯಂತಾಯಿತು.

ಹಲ್ಲನ್ನು ಒಂದು ಪುಟ್ಟ ಡಬ್ಬಿಗೆ ಹಾಕಿಕೊಂಡು ಬಾಗಿಲು ಎಳೆದರೆ ಅದು ಬರಲಿಲ್ಲ. ಅವನು ಉಜ್ಜುತ್ತಿದ್ದಾಗ ಅತ್ತಿಗೆ ಬೆಂದ ಮೊಟ್ಟೆ ಎತ್ತಿಕೊಂಡು ಹೋಗುತ್ತ ಹೊರಗಿನಿಂದ ಚಿಲಕ ಹಾಕಿದ್ದಳು.

ಉಳಿದದ್ದು ಹಿತ್ತಲ ಕಿಟಕಿ. ಹತ್ತಲು ಎರಡು ಕೈಯೂ ಬೇಕು. ಹಲ್ಲಣ್ಣ ಮೇಷ್ಟ್ರ ಹಲ್ಲಿನ ಡಬ್ಬಿಯನ್ನು ತನ್ನ ಹಲ್ಲಲ್ಲಿ ಕಚ್ಚಿ ಹಿಡಿದು, ಕಿಟಕಿಯಲ್ಲಿ ಅರ್ಧ ಹೊರಗೆ ಬಂದು, ಇನ್ನರ್ಧದ ಒಪ್ಪಿಗೆಗಾಗಿ ಸ್ವಲ್ಪ ಹೊತ್ತು ಕಾದು, ಕೊನೆಗೆ ಪಕ್ಕದ ಮನೆಯವರು ಬಟ್ಟೆ ನೆನೆಸಿದ್ದ ಟಬ್ಬಿನೊಳಗೆ ಬಿದ್ದ. ಹಿಂದಿನ ಮನೆಯ ಅಜ್ಜಿ ಮಹಡಿಯಿಂದ ಕೇಳಿದರು.

"ಯಾರಪ್ಪ ಅದು, ಕಳ್ಳನಾ?"

ಬಾಯಲ್ಲಿ ಡಬ್ಬಿ ಇದ್ದುದರಿಂದ ಅಲ್ಲ ಎಂದು ಹೇಳಲಾಗದೆ ಅವನು ಓಡಿದ. ಮೈತುಂಬ ಸೋಪಿನ ನೊರೆ, ಕಿವಿಗೆ ದಾರ. ಆರಕ್ಕೆ ಎರಡು ನಿಮಿಷವಿರುವಾಗ ಚರ್ಚಿನ ಹಿಂಬದಿಯ ಕೋಣೆ ತಲುಪಿದ. ಹೆಡ್‌ಮೇಷ್ಟ್ರು ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಬಾಯಿ ಗಂಟು ಬಿಗಿದ ಚೀಲದಂತೆ ಒಳಗೆ ಸೇರಿತ್ತು. ಹಲ್ಲಣ್ಣ ಹೊಸ್ತಿಲಲ್ಲೇ ನಿಂತ. ಅವರನ್ನು ಕಂಡರೆ ಈಗಲೂ ಅವನಿಗೆ ಒಳಗೆ ಕಾಲಿಡಲು ಧೈರ್ಯವಿಲ್ಲ.

ಮೇಷ್ಟ್ರು ಗಡಿಯಾರ ನೋಡಿದರು. ಅವನನ್ನು ನೋಡಿದರು. ಮತ್ತೊಮ್ಮೆ ಗಡಿಯಾರ ನೋಡಿದರು. ಆಮೇಲೆ ಕೈಯಾಡಿಸಿ ಒಳಗೆ ಕರೆದರು. ಹಲ್ಲು ತೊಳೆದು ಕೂರಿಸಿದ್ದಾಯಿತು. ಮೇಷ್ಟ್ರು ಒಮ್ಮೆ ಕಚ್ಚಿ, ನಾಲಿಗೆಯನ್ನು ಸುತ್ತ ಓಡಿಸಿ ನೋಡಿದರು.

"ಹೊತ್ತಿಗೆ ಸರಿಯಾಗಿ ಬಂದಿದ್ದೀಯ" ಎಂದರು.

ಒಂದು ಅಕ್ಷರವೂ ಜಾರಲಿಲ್ಲ. ಹಲ್ಲಣ್ಣನಿಗೆ ಆ ಮಾತು ಕೇಳಲು ಐವತ್ತು ವರ್ಷ ಬೇಕಾಗಿತ್ತು. ಅವನು ಒದ್ದೆ ತೋಳಿನಿಂದ ಮೂಗು ಒರೆಸಿಕೊಂಡು ಸಭೆಯೊಳಗೆ ಹೋಗಿ ಕೊನೆಯ ಬೆಂಚಿನಲ್ಲಿ, ದರ್ಜಿಯ ಪಕ್ಕದಲ್ಲಿ ಕೂತ.

"ಕೊಟ್ಟೆ" ಎಂದ ಎದೆಯುಬ್ಬಿಸಿ. "ಎರಡು ನಿಮಿಷ ಮುಂಚೇನೇ."

ದರ್ಜಿಯ ಮುಖ ಬಿಳುಪೇರಿತು. ಮುಂದಿನ ಬೆಂಚಿನಿಂದ ರಾಗದಮ್ಮ ತಿರುಗಿ ನೋಡಿದರು. ಅತ್ತಿಗೆ ಹಣೆ ಚಚ್ಚಿಕೊಂಡಳು.

"ಹಾಳು ಮಾಡಿದೆಯಲ್ಲೋ" ಎಂದ ದರ್ಜಿ, ಜೇಬಿನಿಂದ ಹಲ್ಲಣ್ಣನ ಕನ್ನಡಕ ತೆಗೆದುಕೊಡುತ್ತ. "ನಾವೆಲ್ಲ ಬೆಳಗಿಂದ ಒಬ್ಬರಾದ ಮೇಲೊಬ್ಬರು ಯಾಕೆ ಬಂದ್ವಿ ಅನ್ಕೊಂಡೆ? ಒಂದು ತಿಂಗಳಿಂದ ಆರಾಧನೆ ಹೊತ್ತಿಗೆ ಸರಿಯಾಗಿ ಮುಗೀತಿದೆ. ಮೇಷ್ಟ್ರು ಭಾಷಣ ಮಾಡ್ತೀನಿ ಅಂತ ಚೀಟಿ ಬರೆದು ಕೊಟ್ಟಾಗ ಬೇಡ ಅನ್ನೋ ಧೈರ್ಯ ಯಾರಿಗೂ ಬರಲಿಲ್ಲ. ನಿನ್ನ ಮೇಲೆ ನಂಬಿಕೆ ಇಟ್ವಿ. ನೀನು ಯಾವತ್ತು ಹೇಳಿದ ದಿನಕ್ಕೆ ಕೊಟ್ಟಿದ್ದೆ? ಆದ್ರೂ ಇರಲಿ ಅಂತ, ಒಬ್ಬೊಬ್ಬರು ಕಾಲು ಗಂಟೆ ಕೊಟ್ಟು ಇಡೀ ಸಭೆಯ ಎರಡು ಗಂಟೆ ಉಳಿಸೋದು ಅಂತ ಮಾಡಿದ್ವಿ."

"ಪಾದ್ರಿ ಅಯ್ಯನವರೂ ಸೇರಿದ್ರಾ?"

"ಪಾಪ, ಅವರಿಗೇನೂ ಗೊತ್ತಿಲ್ಲ. ಹೋಗಿ ಪ್ರಾರ್ಥನೆ ಮಾಡಿ ಅಂದ್ವಿ, ನಿಜವಾಗ್ಲೂ ಮಾಡಿಬಿಟ್ರು. ಈಗ ನೋಡು, ಆ ಪ್ರಾರ್ಥನೆಯೇ ಕೆಲಸ ಮಾಡಿದೆ."

ಹೆಡ್‌ಮೇಷ್ಟ್ರು ಎದ್ದು ನಿಂತರು. ಜನ ಬೆಂಚಿಗೆ ಬೆನ್ನು ಒರಗಿಸಿ, ದೂರದ ಪ್ರಯಾಣಕ್ಕೆ ಬಸ್ಸು ಹತ್ತಿದವರಂತೆ ಕೈಕಾಲು ಸರಿಮಾಡಿಕೊಂಡರು. ಹಲ್ಲಣ್ಣ ಬೆಂಚಿನ ಕೆಳಗೆ ತೂರಿಕೊಳ್ಳಬಹುದೇ ಎಂದು ನೋಡಿದ.

"ಒಂದು ತಿಂಗಳು ನನಗೆ ಹಲ್ಲಿರಲಿಲ್ಲ" ಎಂದರು ಮೇಷ್ಟ್ರು. "ಮಾತಾಡೋಕೆ ಆಗಲಿಲ್ಲ, ಅದಕ್ಕೆ ನೋಡ್ತಾ ಕೂತೆ. ಸಭೆ ಬೇಗ ಬಿಡ್ತಿತ್ತು. ಬಿಟ್ಟ ಮೇಲೆ ನೀವು ಬಾಗಿಲಲ್ಲಿ ನಿಂತು ಒಬ್ಬರ ಕಷ್ಟ ಒಬ್ಬರು ಕೇಳ್ತಿದ್ರಿ. ಕಾಯಿಲೆಯವರ ಮನೆಗೆ ಹೋಗ್ತಿದ್ರಿ. ಮೊದಲು ಇದೆಲ್ಲ ಇರಲಿಲ್ಲವಲ್ಲ ಅಂತ ಯೋಚನೆ ಮಾಡ್ದೆ. ಇದು ನಾನು ಇಷ್ಟು ವರ್ಷ ತಿಂದುಹಾಕಿದ ಹೊತ್ತು ಅಂತ ಆಮೇಲೆ ಹೊಳೀತು. ನನಗೆ ಕೊಟ್ಟ ಹೊತ್ತಿಗೆ ನಾನು ದೇವರಿಗೆ ಉತ್ತರ ಹೇಳ್ಬೇಕು. ನಿಮಗೆ ಕೊಟ್ಟಿದ್ದನ್ನೂ ನಾನೇ ಖರ್ಚು ಮಾಡಿದ್ನಲ್ಲ, ಅದಕ್ಕೆ ನಿಮ್ಮ ಹತ್ರ ಕ್ಷಮೆ ಕೇಳ್ಬೇಕು. ಇಷ್ಟು ಹೇಳೋಕೆ ಹಲ್ಲು ಬೇಕಾಗಿತ್ತು. ಇನ್ನು ಮುಂದೆ ಸಭೆಯಲ್ಲಿ ನಾನು ಭಾಷಣ ಮಾಡಲ್ಲ."

ಕೂತುಬಿಟ್ಟರು. ಮೂರು ನಿಮಿಷವೂ ಆಗಿರಲಿಲ್ಲ. ಒರಗಿದ್ದವರೆಲ್ಲ ನೆಟ್ಟಗೆ ಕೂತರು. ರಾಗದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕೀರ್ತನೆ ಶುರುವಾದಾಗ ಗಂಡಸರ ಸ್ವರವೂ ತಾನಾಗಿಯೇ ಎದ್ದಿತ್ತು.

ಹೊರಗೆ ಬಂದಾಗ ಎಲ್ಲರೂ ಹಲ್ಲಣ್ಣನ ಕೈ ಕುಲುಕಿದರು. "ಇಡೀ ಸಭೆಗೇ ಉಪಕಾರ ಮಾಡಿದೆಯಪ್ಪ" ಎಂದು ದರ್ಜಿ ಅಪ್ಪಿಕೊಂಡ. ಹೆಂಡತಿ ಅವನ ತಲೆಯ ಮೇಲಿನ ನೊರೆ ಒರೆಸುತ್ತ, "ಇವತ್ತು ಕೊಟ್ಟ ಮಾತು ಉಳಿಸ್ಕೊಂಡ್ರಿ" ಎಂದಳು. ಇದೆಲ್ಲದರ ನಡುವೆ ಹೆಡ್‌ಮೇಷ್ಟ್ರು ಬಂದು ಅವನ ಮೊಣಕೈ ಹಿಡಿದುಕೊಂಡರು.

"ಸೋಮವಾರದಿಂದ ಒಂಬತ್ತಕ್ಕೆ ನಿನ್ನ ಅಂಗಡಿಗೆ ಬರ್ತೀನಿ."

"ಯಾಕೆ ಸರ್, ಎಲ್ಲಾದರೂ ಒತ್ತುತ್ತಾ?"

"ಇಲ್ಲವಯ್ಯ, ಹೇಳಿ ಮಾಡಿಸಿದ ಹಾಗಿದೆ. ನೋಡು, ಸಭೆಯಲ್ಲಿ ಮಾತಾಡಲ್ಲ ಅಂದೆ. ಆದ್ರೆ ಒಳಗಿರೋದು ಎಲ್ಲಾದ್ರೂ ಹೊರಗೆ ಬರಬೇಕಲ್ಲ? ನಿನ್ನದು ಕೈಕೆಲಸ. ದಿನವಿಡೀ ಎರಡು ಕಿವಿ ಸುಮ್ಮನೆ ಖಾಲಿ ಕೂತಿರ್ತವೆ. ದೇವರು ಕೊಟ್ಟಿದ್ದನ್ನ ಹಾಗೆ ಪೋಲು ಮಾಡಬಾರದು."

ಹಲ್ಲಣ್ಣ ಸಹಾಯಕ್ಕಾಗಿ ಸುತ್ತ ನೋಡಿದ. ದರ್ಜಿಗೆ ಏನೋ ಕೆಲಸ ನೆನಪಾಗಿ ಆಗಲೇ ಹೊರಟಿದ್ದ. ಅತ್ತಿಗೆ ಮೊಟ್ಟೆ ಸುಲಿಯುವುದರಲ್ಲಿ ಮುಳುಗಿದ್ದಳು. ಸಭಾಪಾಲಕರು ಮಾತ್ರ ಕಣ್ತುಂಬ ಸಂತೋಷದಿಂದ, "ಎಂಥ ಅನ್ಯೋನ್ಯತೆ" ಎಂದರು. ಹಲ್ಲಣ್ಣ ಬೇಡ ಎಂದು ಹೇಳಲು ಬಾಯಿ ತೆರೆದ.

"ಬನ್ನಿ ಸರ್" ಎಂದಿತು ಬಾಯಿ.

"ಲೋಕದ ಸೃಷ್ಟಿಯಿಂದ ಶುರು ಮಾಡೋಣ ಅಂತಿದ್ದೀನಿ. ಮೊದಲನೇ ದಿನಕ್ಕೇ ಒಂದು ತಿಂಗಳು ಹಿಡಿಯುತ್ತೆ. ಅಂದ ಹಾಗೆ, ಈ ಹಲ್ಲು ಎಷ್ಟು ವರ್ಷ ಬಾಳಿಕೆ ಬರುತ್ತೆ?"

ಸುಳ್ಳು ಹೇಳಲು ಹಲ್ಲಣ್ಣನಿಗೆ ಬರುತ್ತಿರಲಿಲ್ಲ. ಅದರಲ್ಲೂ ತಾನು ಮಾಡಿದ ಹಲ್ಲಿನ ವಿಷಯದಲ್ಲಿ.

"ಹತ್ತು ವರ್ಷಕ್ಕೆ ಏನೂ ಆಗಲ್ಲ ಸರ್."

"ಹಾಗಾದ್ರೆ ಅವಸರ ಬೇಡ" ಎಂದರು ಮೇಷ್ಟ್ರು. "ನಿಧಾನವಾಗೇ ಹೋಗೋಣ."