ಚೌಕಟ್ಟಪ್ಪನ ಹಿಂಬಾಗಿಲು

ವಾಚಕ ಮಹಾಶಯರ ಸನ್ನಿಧಿಯಲ್ಲಿ ವಿನಯಪೂರ್ವಕ ಅರಿಕೆ. ವಿದ್ಯುಚ್ಛಕ್ತಿಯ ಲವಲೇಶವೂ ಇಲ್ಲದೆ, ಕೇವಲ ಮಾನವಬುದ್ಧಿಯ ಬಲದಿಂದ, ಕಾರೊಂದರ ಹಿಂಬಾಗಿಲು ತಾನೇ ತಾನಾಗಿ ಮೇಲೇಳುವಂತೆ ಮಾಡಿದ ಮಹಾಸಾಹಸದ ವೃತ್ತಾಂತವನ್ನು ಇಲ್ಲಿ ಯಥಾವತ್ತಾಗಿ ನಿವೇದಿಸಲಾಗಿದೆ. ಯಂತ್ರಶಾಸ್ತ್ರದಲ್ಲಿ ಆಸಕ್ತಿಯುಳ್ಳವರು ಇದರಿಂದ ಪ್ರಯೋಜನ ಪಡೆಯಬಹುದು. ಹೆಂಡತಿಯುಳ್ಳವರು ಇನ್ನೂ ಹೆಚ್ಚಿನ ಪ್ರಯೋಜನ ಪಡೆಯಬಹುದು.

ಅನರ್ಥಕ್ಕೆಲ್ಲ ಮೂಲವಾದದ್ದು ಒಂದು ಅಂಗಿಯ ತೋಳು.

ಫೋಟೋಗಳಿಗೂ ಕನ್ನಡಿಗಳಿಗೂ ಕಟ್ಟು ಹಾಕುವ ಕಸುಬಿನಿಂದಾಗಿ ಬೀದಿಯವರೆಲ್ಲರ ಬಾಯಲ್ಲಿ ಚೌಕಟ್ಟಪ್ಪನೆನಿಸಿಕೊಂಡಿದ್ದ ಮನುಷ್ಯ, ಅಂದು ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡದೊಂದು ಪಟವನ್ನು ಎರಡೂ ಕೈಗಳಿಂದ ಅಪ್ಪಿಕೊಂಡು, ಕಾರಿನ ಹಿಂದೆ ನಿಂತು, ಎಂದಿನಂತೆ "ಇವಳೇ! ಬಾಗಿಲು ಹಿಡ್ಕೋ ಬಾ!" ಎಂದು ಕೂಗಿದ. ಒಳಗೆ ಹೊಲಿಗೆಯ ಮೇಜಿನ ಮುಂದೆ ಗಿರಾಕಿಯ ಅಂಗಿಗೆ ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿ ಬೆಚ್ಚಿಬಿದ್ದಳು. ಮೊಣಕೈಯ ಬಳಿ ನಿಲ್ಲಬೇಕಾಗಿದ್ದ ಕತ್ತರಿ ಭುಜದವರೆಗೂ ಪ್ರವಾಸ ಹೋಗಿಬಂತು.

ಮೊದಲು ಬಾಗಿಲನ್ನೆತ್ತಿ ಆಮೇಲೆ ಪಟ ತರಬಾರದಿತ್ತೇ ಎಂದು ಕೇಳುವ ಜಾಣರಿಗೆ ಉತ್ತರವಿದೆ. ಆ ಬಾಗಿಲು ಎತ್ತಿದಲ್ಲಿ ನಿಲ್ಲುತ್ತಿರಲಿಲ್ಲ. ಸಭೆಯಲ್ಲಿ ಭಾಷಣ ಕೇಳುತ್ತ ತೂಕಡಿಸುವವನ ತಲೆಯಂತೆ ಮೆಲ್ಲಮೆಲ್ಲಗೆ ಬಾಗಿ, ಕೊನೆಗೆ ಒಮ್ಮೆಲೇ ಕುಸಿಯುತ್ತಿತ್ತು. ಉಳಿದಂತೆ ಆ ಕಾರು ಚೌಕಟ್ಟಪ್ಪನ ಹೆಮ್ಮೆ. ಹಿಂಬಾಗಿಲಿನ ಒಳಮೈಗೆ ನಾಲ್ಕು ಕೊಕ್ಕೆ ಬಡಿದು, ಸುತ್ತಿಗೆ, ಇಕ್ಕಳ, ಡ್ರಿಲ್ಲು, ಮೊಳೆಯ ಡಬ್ಬಗಳನ್ನೆಲ್ಲ ತುಂಬಿದ ಕ್ಯಾನ್ವಾಸು ಚೀಲವನ್ನು ತೂಗುಹಾಕಿದ್ದ. ಬಾಗಿಲು ತೆರೆದರೆ ಒಂದು ಕಾರ್ಖಾನೆಯೇ ತೆರೆದಂತೆ. ಕೊರತೆಯೆಂದರೆ, ಆ ಕಾರ್ಖಾನೆಯನ್ನು ತಲೆಯ ಮೇಲೆ ಹೊತ್ತು ನಿಲ್ಲಲು ಒಬ್ಬರು ಬೇಕಾಗಿತ್ತು. ಎರಡು ವರ್ಷಗಳಿಂದ ಹೆಂಡತಿಯೇ ಆ ಕಂಬ.

ಅಂದು ಕಂಬ ಕೊರಳಿಗೆ ಅಳತೆಯ ಟೇಪು ಸುತ್ತಿಕೊಂಡು, ಹರಿದ ತೋಳನ್ನು ಎತ್ತಿಹಿಡಿದು ಹೊರಗೆ ಬಂತು.

"ನೋಡ್ರೀ, ಇದೇ ಕೊನೆ. ಇನ್ನೊಂದು ಸಲ ಬಾಗಿಲು ಹಿಡ್ಕೋ ಅಂತ ಕೂಗಿದ್ರೆ, ನಿಮ್ಮ ತೋಳೇ ಕತ್ತರಿಸ್ತೀನಿ."

"ಮಧ್ಯಾಹ್ನ ಹನ್ನೆರಡಕ್ಕೆ ಡಾನ್ಸ್ ಸ್ಕೂಲಿಗೆ ಕನ್ನಡಿ ತಲುಪಿಸ್ಬೇಕು ಕಣೇ. ಇದೊಂದು ಸರಿಯಾಗಿ ಬಂದ್ರೆ ಇನ್ನೂ ಎಂಟು ಕನ್ನಡಿ ನಮಗೇ ಅಂದಿದಾರೆ ಆ ಮೇಡಂ. ತಪ್ಪಿದ್ರೆ ಎದುರಂಗಡಿಯವನಿಗೆ ಹೋಗುತ್ತೆ!"

"ಹಾಗಾದ್ರೆ ಎದುರಂಗಡಿಯವನನ್ನೇ ಕರೀರಿ, ಬಾಗಿಲು ಹಿಡ್ಕೊಳ್ಳೋಕೆ," ಎಂದು ಹೇಳಿ ಅವಳು ಒಳಗೆ ಹೋದಳು.

ಎದುರಂಗಡಿಯವನದೂ ಕಟ್ಟು ಹಾಕುವ ಅಂಗಡಿಯೇ. ಅವನ ಕಾರೂ ಇದೇ ಮಾದರಿಯದು, ಇದೇ ಬಣ್ಣದ್ದು. ಈ ಸಾಮ್ಯದಿಂದ ಚೌಕಟ್ಟಪ್ಪನ ಹೊಟ್ಟೆಯಲ್ಲಿ ಹುಟ್ಟುತ್ತಿದ್ದ ಉರಿಗೆ ಯಾವ ಔಷಧವೂ ನಾಟಿರಲಿಲ್ಲ.

ದಂಪತಿಗಳ ಈ ಸಂವಾದವನ್ನು ಮಹಡಿಯ ಕಿಟಕಿಯಿಂದ ಮೊದಲಿನಿಂದ ಕಡೆಯವರೆಗೂ ಆಲಿಸಿದ ನಿವೃತ್ತ ವಿಜ್ಞಾನದ ಮೇಷ್ಟ್ರು, ಕರೆಯದಿದ್ದರೂ ಕೆಳಗಿಳಿದು ಬಂದರು. ನಿವೃತ್ತರಾದ ಮೇಲೆ ಅವರಿಗೆ ವಿದ್ಯಾರ್ಥಿಗಳಿರಲಿಲ್ಲ, ನೆರೆಹೊರೆಯವರಿದ್ದರು.

"ನೋಡಯ್ಯಾ, ಬಾಗಿಲು ಬೀಳೋದು ಯಾಕೆ? ಅದನ್ನ ಎತ್ತಿಹಿಡಿಯೋ ಎರಡು ಗ್ಯಾಸ್ ರಾಡು ಸೋತಿವೆ, ಅದಕ್ಕೆ. ಬಾಗಿಲಿನ ಭಾರಕ್ಕಿಂತ ಒಂದು ತೂಕ ಜಾಸ್ತಿ ಶಕ್ತಿಯ ರಾಡು ಹಾಕು. ಚಿಲಕಕ್ಕೆ ಒಂದು ಸೈಕಲ್ ಬ್ರೇಕಿನ ತಂತಿ ಕಟ್ಟಿ, ತುದೀಲಿ ಕುಣಿಕೆ ಮಾಡಿ ಬಂಪರ್ ಕೆಳಗೆ ಇಳಿಬಿಡು. ಕಾಲ್ಬೆರಳಲ್ಲಿ ಎಳೆದ್ಯಾ, ಬಾಗಿಲು ತಾನೇ ಮೇಲಕ್ಕೆ! ಕರೆಂಟೂ ಬೇಡ, ಹೆಂಡತೀನೂ ಬೇಡ."

ಕೊನೆಯ ಮಾತನ್ನು ಅವರು ದನಿ ತಗ್ಗಿಸಿ ಹೇಳಿದರು. ಆದರೂ ಒಳಗೆ ಹೊಲಿಗೆಯಂತ್ರ ಒಂದು ಕ್ಷಣ ನಿಂತು ಮುಂದುವರಿಯಿತು.

ಮೇಷ್ಟ್ರು ತಮ್ಮ ಮನೆಯಿಂದ ತೂಕದ ಯಂತ್ರವನ್ನು ತರಿಸಿ, ಬಾಗಿಲನ್ನು ಅರ್ಧ ಎತ್ತಿಸಿ, ಒಂದು ಕೋಲಿನ ಆಸರೆಯಲ್ಲಿ ಅದರ ಭಾರವೆಲ್ಲ ಯಂತ್ರದ ಮೇಲೆ ಬೀಳುವಂತೆ ನಿಲ್ಲಿಸಿದರು. ಕನ್ನಡಕವನ್ನು ಹಣೆಗೇರಿಸಿ ಬಗ್ಗಿ ನೋಡಿದರು.

"ಮೂವತ್ತೆಂಟು ಕಿಲೋ! ಇದೇನಯ್ಯಾ, ಕಾರಿನ ಬಾಗಿಲೋ, ಕೋಟೆ ಬಾಗಿಲೋ?"

"ಹಳೇ ಕಾರು ಮೇಷ್ಟ್ರೇ. ಆಗಿನ ಕಾಲದ ತಗಡು ಅಂದ್ರೆ ತಗಡು," ಎಂದು ಚೌಕಟ್ಟಪ್ಪ ಅಭಿಮಾನದಿಂದ ನುಡಿದ.

ಬೀದಿಯ ತುದಿಯ ಮೆಕ್ಯಾನಿಕ್ಕನನ್ನು ಕರೆಸಲಾಯಿತು. ಅವನು ಮೂವತ್ತೆಂಟು ಎಂಬ ಸಂಖ್ಯೆಯನ್ನು ಕೇಳಿ ಮೊದಲು ಶಿಳ್ಳೆ ಹಾಕಿದ; ಆಮೇಲೆ ತನ್ನ ಗುಜರಿಯನ್ನು ಕೆದಕಿ, ಒಂದು ಮಿನಿಬಸ್ಸಿನ ಇಂಜಿನ್ ಮುಚ್ಚಳದಿಂದ ಕಿತ್ತಿಟ್ಟಿದ್ದ ಎರಡು ದಪ್ಪ ರಾಡುಗಳನ್ನು ತಂದ. ಅವು ಪೈಲ್ವಾನನ ತೋಳುಗಳಂತಿದ್ದವು. ಹಳೆಯ ರಾಡುಗಳನ್ನು ಬಿಚ್ಚಿ, ಹೆಬ್ಬೆರಳಿನಿಂದ ಒತ್ತಿ ನೋಡುವ ಶಾಸ್ತ್ರ ಮಾಡಿ, "ಸತ್ತೋಗಿವೆ ಯಜಮಾನ್ರೇ. ಹೆಣ ಇಟ್ಕೊಂಡು ಏನು ಮಾಡ್ತೀರಾ, ನಾನೇ ವಿಲೇವಾರಿ ಮಾಡ್ತೀನಿ," ಎಂದು ಬಗಲಿಗೇರಿಸಿದ.

ಹತ್ತು ಗಂಟೆಗೆ ಪ್ರಥಮ ಪ್ರದರ್ಶನ. ಚೌಕಟ್ಟಪ್ಪ ಕಾಲು ಚಾಚಿ, ಕುಣಿಕೆಗೆ ಹೆಬ್ಬೆರಳು ತೂರಿಸಿ ಎಳೆದ. ಚಿಲಕ ಕಳಚಿತು. ಬಾಗಿಲು ಗಂಭೀರವಾಗಿ, ಅವಸರವಿಲ್ಲದೆ, ದೊಡ್ಡ ಅಧಿಕಾರಿಯೊಬ್ಬ ಕುರ್ಚಿಯಿಂದೇಳುವಂತೆ ಮೇಲೆದ್ದು ನಿಂತಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಎದುರಂಗಡಿಯವನು ತನ್ನ ಮೆಟ್ಟಿಲ ಮೇಲೆ ನಿಂತು ಬಾಯಿ ಕಳೆದು ನೋಡಿದ. ಚೌಕಟ್ಟಪ್ಪನ ಹೊಟ್ಟೆಯ ಉರಿ ಒಂದೇ ಸಲಕ್ಕೆ ಆರಿಹೋಯಿತು.

"ಏನ್ರೀ, ಕಾಲಲ್ಲೇ ತೆಗೀತೀರಲ್ರೀ!" ಎಂದ ಎದುರಂಗಡಿಯವನು.

"ಕೈ ಇರೋದು ಕಲೆಗೆ, ಸ್ವಾಮಿ," ಎಂದ ಚೌಕಟ್ಟಪ್ಪ.

ಕನ್ನಡಿಯ ಬೆನ್ನಿಗೆ ತೂಗುಹಾಕುವ ಪಟ್ಟಿಗಳನ್ನು ಬಡಿಯುವ ಕೆಲಸ ಇನ್ನೂ ಬಾಕಿಯಿತ್ತು. ಆದ್ದರಿಂದ ಅವನು ಬಾಗಿಲಿನ ಕೊಕ್ಕೆಗಳಿಂದ ಚೀಲವನ್ನು ಕಳಚಿ, ಬಾಗಿಲನ್ನು ಮೆಕ್ಯಾನಿಕ್ಕನ ಜೊತೆ ಸೇರಿ ಒತ್ತಿ ಮುಚ್ಚಿ, ಅಂಗಡಿಯೊಳಕ್ಕೆ ಹೋದ. ಮುಚ್ಚುವಾಗ ಸ್ವಲ್ಪ ತಿಣುಕಬೇಕಾಯಿತು. "ಹೊಸದಲ್ವಾ, ಪಳಗ್ಬೇಕು," ಎಂದ ಮೆಕ್ಯಾನಿಕ್.

ಹನ್ನೊಂದಕ್ಕೆ ಸರಿಯಾಗಿ, ಆಳೆತ್ತರದ ಕನ್ನಡಿಯನ್ನು ಎರಡೂ ತೋಳುಗಳಲ್ಲಿ ಅಪ್ಪಿಕೊಂಡು ಚೌಕಟ್ಟಪ್ಪ ಹೊರಬಂದ. ಪ್ರೇಕ್ಷಕರ ಸಂಖ್ಯೆ ಈಗ ಹೆಚ್ಚಿತ್ತು. ಹೆಂಡತಿಯೂ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳತ್ತ ಒಂದು ದೃಷ್ಟಿ ಬೀರಿ, ಕಾಲು ಚಾಚಿ ಕುಣಿಕೆಯನ್ನು ಎಳೆದ.

ಬಾಗಿಲು ಮೇಲೇಳಲಿಲ್ಲ. ಹಾರಿತು.

ಸುಂಯ್ ಎಂದು ಹೋದ ಬಾಗಿಲು ಚೌಕಟ್ಟಪ್ಪನ ಮೂಗಿನ ತುದಿಯನ್ನು ಸವರಿ, ತಲೆಗೂದಲನ್ನೆಲ್ಲ ಹಿಂದಕ್ಕೆ ಬಾಚಿ, ಮಹಡಿಯ ಸಜ್ಜಕ್ಕೆ ಧಡ್ ಎಂದು ಬಡಿಯಿತು. ಸಜ್ಜದ ಮೇಲಿದ್ದ ಮೇಷ್ಟ್ರ ಹೂಕುಂಡ ಕೆಳಗಿಳಿದು ಚೂರಾಯಿತು. ಬಾಗಿಲಿನ ಒಳಮೈಯ ಹಲಗೆ ನಾಲ್ಕು ಕೊಕ್ಕೆಗಳ ಸಮೇತ ಕಿತ್ತು, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು ಚರಂಡಿ ಸೇರಿತು. ಕನ್ನಡಿಗೆ ಮಾತ್ರ ಏನೂ ಆಗಲಿಲ್ಲ. ಚೌಕಟ್ಟಪ್ಪ ಅದನ್ನು ತಬ್ಬಿಕೊಂಡೇ ನೆಲದ ಮೇಲೆ ಕುಳಿತಿದ್ದ; ಹೆದರಿದ ಮಗುವಿನಂಥ ಅವನ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ಲೆಕ್ಕ ಸರಿಯಾಗೇ ಇದೆ," ಎಂದರು ಮೇಷ್ಟ್ರು, ಹೂಕುಂಡದ ಚೂರುಗಳನ್ನು ನೋಡುತ್ತ. "ಬಾಗಿಲೇ ತಪ್ಪು ಮಾಡ್ತಿದೆ."

"ಮೊದಲು ಅದನ್ನ ಮುಚ್ಚಿ ಮೇಷ್ಟ್ರೇ, ಹೊತ್ತಾಯ್ತು!"

ಕನ್ನಡಿಯನ್ನು ಕಾರಿನೊಳಗೆ ಹಾಸಿದ್ದ ಹಾಸಿಗೆಯ ಮೇಲೆ ಮಲಗಿಸಿದ್ದಾಯಿತು. ಮುಚ್ಚುವುದು ಮಾತ್ರ ಯಾರಿಂದಲೂ ಆಗಲಿಲ್ಲ. ಮೆಕ್ಯಾನಿಕ್ ಬಾಗಿಲಿಗೆ ಜೋತುಬಿದ್ದ. ಅದು ಮೊದಲು ತುಸು ಬಗ್ಗಿ, ಆಮೇಲೆ ಅವನನ್ನೂ ಕರೆದುಕೊಂಡು ಮೇಲೆ ಹೋಯಿತು. ಅವನ ಚಪ್ಪಲಿಗಳು ನೆಲದಲ್ಲೇ ಉಳಿದವು. ಮೇಷ್ಟ್ರು ಅವನ ಕಾಲು ಹಿಡಿದರು, ಚೌಕಟ್ಟಪ್ಪ ಮೇಷ್ಟ್ರ ಸೊಂಟ ಹಿಡಿದ. ಕೊನೆಗೆ ಹೆಂಡತಿಯೇ ಬಂದು ಬಾಗಿಲಿನ ಅಂಚಿಗೆ ತನ್ನ ಭಾರವನ್ನೆಲ್ಲ ಬಿಟ್ಟಳು. ಖಟ್ ಎಂದು ಮುಚ್ಚಿಕೊಂಡಿತು.

"ನಾನು ಬೇಡ ಅಂತ ಯಾರೋ ಅಂದ ಹಾಗಿತ್ತು," ಎಂದಳು ಕೈ ಝಾಡಿಸುತ್ತ. ಮೇಷ್ಟ್ರಿಗೆ ಆಗಲೇ ಹೂಕುಂಡದ ಮಣ್ಣು ಗುಡಿಸುವ ತುರ್ತು ಕೆಲಸ ಬಂದುಬಿಟ್ಟಿತು.

ಹನ್ನೊಂದೂ ಇಪ್ಪತ್ತಕ್ಕೆ ಕಾರು ಹೊರಟಿತು. ಬೀದಿಯ ತುದಿಯಲ್ಲಿ ರಸ್ತೆಯುಬ್ಬು. ಎಷ್ಟೇ ಮೆಲ್ಲಗೆ ಹತ್ತಿಸಿದರೂ, ಜಗ್ಗಾಟದಲ್ಲಿ ಸೊಟ್ಟಗಾಗಿದ್ದ ಚಿಲಕ ಕಳಚಿ, ಬಾಗಿಲು ಸುಂಯ್ ಎಂದು ಮತ್ತೆ ಆಕಾಶಕ್ಕೆ ಹಾರಿತು. ಹಿಂದಕ್ಕೆ ಜಾರಿದ ಕನ್ನಡಿಯನ್ನು ಚೌಕಟ್ಟಪ್ಪ ಕಾರು ನಿಲ್ಲಿಸಿ ಓಡಿಬಂದು ಎದೆಯಿಂದ ತಡೆದು, ಎತ್ತಿ ನಿಲ್ಲಿಸಿಕೊಂಡ. ಅದು ಬೀದಿಯತ್ತ ಮುಖ ಮಾಡಿದ್ದರಿಂದ, ಬಾಗಿಲು ಮುಚ್ಚಲು ಮತ್ತೆ ನಾಲ್ಕು ಜನರನ್ನು ಎಲ್ಲಿಂದ ತರಲಿ ಎಂದು ಯೋಚಿಸುತ್ತಿದ್ದವನ ಬೆನ್ನ ಹಿಂದೆ ಒಂದು ಕಾರು ಬಂದು ನಿಂತದ್ದು ಅದರಲ್ಲೇ ಕಂಡಿತು. ಎದುರಂಗಡಿಯವನ ಕಾರು.

"ಏನ್ರೀ ಚೌಕಟ್ಟಪ್ಪ, ಮಧ್ಯರಸ್ತೇಲಿ ಮುಖ ನೋಡ್ಕೊಳ್ತಾ ನಿಂತಿದೀರಿ? ಬನ್ನಿ, ನನ್ನ ಕಾರಲ್ಲಿ ಹಾಕೋಣ. ಕಷ್ಟಕ್ಕಾಗದಿದ್ರೆ ನೆರೆಯವನು ಅಂತ ಯಾಕೆ ಇರ್ಬೇಕು?"

ಮರ್ಯಾದೆ ಒಂದು ಕಡೆ, ಎಂಟು ಕನ್ನಡಿ ಇನ್ನೊಂದು ಕಡೆ. ಚೌಕಟ್ಟಪ್ಪ ಎಂಟು ಕನ್ನಡಿಗಳ ಕಡೆಗೆ ವಾಲಿದ. ಇಬ್ಬರೂ ಕನ್ನಡಿಯನ್ನು ಹಿಡಿದುಕೊಂಡು ಆ ಕಾರಿನ ಹಿಂದೆ ಬಂದರು.

"ಬಾಗಿಲು ತೆಗೀಬೇಕಲ್ರೀ, ಕೆಳಗಿಡೋಣ್ವಾ?"

"ಯಾಕೆ?" ಎಂದು ಎದುರಂಗಡಿಯವನು ಕಾಲು ಚಾಚಿ ಬಂಪರಿನ ಕೆಳಗೆ ಏನನ್ನೋ ಎಳೆದ.

ಬಾಗಿಲು, ಬೆಳಗಿನ ಹೊತ್ತು ಹೂವರಳುವ ಹಾಗೆ, ಸದ್ದಿಲ್ಲದೆ ತೆರೆದುಕೊಂಡಿತು. ಮೇಲೆ ಹೋಗಿ ಅಲ್ಲೇ ನಿಂತಿತು. ತೂಕಡಿಸಲಿಲ್ಲ, ಹಾರಲಿಲ್ಲ. ಚೌಕಟ್ಟಪ್ಪನ ಬಾಯಿಯೂ ಅಷ್ಟೇ ಸರಾಗವಾಗಿ ತೆರೆದು ಅಲ್ಲೇ ನಿಂತಿತು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅವರು ಡಾನ್ಸ್ ಸ್ಕೂಲು ಮುಟ್ಟಿದರು. ಮೇಡಂ ಗೇಟಿನಲ್ಲೇ ಗಡಿಯಾರ ನೋಡುತ್ತ ನಿಂತಿದ್ದರು. ಕಾಲಿನ ಒಂದು ಚಲನೆಗೆ ಬಾಗಿಲು ಮೇಲೆದ್ದದ್ದನ್ನು ಅವರು ಕಂಡರು; ಕಾಲಿನ ಚಲನೆಗಳ ಬಗ್ಗೆ ಅವರಿಗೆ ಮೊದಲಿನಿಂದಲೂ ಗೌರವವಿತ್ತು.

"ಎಂಥ ಅಚ್ಚುಕಟ್ಟು!" ಎಂದರು.

ಚೌಕಟ್ಟಪ್ಪನ ಸಲಕರಣೆಗಳ ಚೀಲ ಅಂಗಡಿಯಲ್ಲೇ ಉಳಿದಿತ್ತು. ಆದ್ದರಿಂದ ಎದುರಂಗಡಿಯವನೇ ತನ್ನ ಡ್ರಿಲ್ಲು ತಂದು, ಏಣಿ ಹತ್ತಿ, ಗೋಡೆಗೆ ತೂತು ಕೊರೆದು, ಕನ್ನಡಿ ತೂಗುಹಾಕಿದ. ಚೌಕಟ್ಟಪ್ಪ ಏಣಿ ಹಿಡಿದುಕೊಂಡಿದ್ದ. ಮೇಡಂ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, ಏಣಿಯ ಮೇಲಿದ್ದವನಿಗೆ ಹೇಳಿದರು:

"ಉಳಿದ ಎಂಟೂ ನೀವೇ ಮಾಡ್ಕೊಡಿ. ಫೋನಲ್ಲಿ ಮಾತಾಡಿದ್ದವರು ನೀವೇ ಅಲ್ವಾ? ಧ್ವನಿ ಬೇರೆ ಥರ ಇತ್ತು."

"ಮೇಡಂ, ಅದು ನಾನು..." ಎಂದು ಚೌಕಟ್ಟಪ್ಪ ಬಾಯಿ ತೆರೆದ.

"ನೀವು ಏಣಿ ಬಿಡಬೇಡೀಪ್ಪಾ, ಅವರು ಬಿದ್ದಾರು!"

ಎದುರಂಗಡಿಯವನು ಮೇಲಿನಿಂದ ಒಂದು ಮುಗುಳ್ನಗೆಯನ್ನು ಕೆಳಗಿಳಿಸಿದ. ಮೇಡಂ ಮಾತನ್ನು ತಿದ್ದಲು ಮಾತ್ರ ಹೋಗಲಿಲ್ಲ.

ವಾಪಸು ಬರುವಾಗ ಚೌಕಟ್ಟಪ್ಪ ತಡೆಯಲಾರದೆ ಕೇಳಿದ. "ಈ ಬಾಗಿಲು... ಎಂಥ ರಾಡು ಹಾಕಿಸಿದ್ರಿ?"

"ಅಯ್ಯೋ, ಹೊಸದೇನಲ್ಲ. ನನ್ನವು ನಿಜವಾಗ್ಲೂ ಸೋತಿದ್ವು. ನಿಮ್ಮ ಪ್ರದರ್ಶನ ನೋಡಿ ಮೆಕ್ಯಾನಿಕ್ಕನ್ನ ಹಿಡ್ಕೊಂಡೆ. ಯಾವನೋ ಪುಣ್ಯಾತ್ಮ ಇದೇ ಕಾರಿಂದು ಒಳ್ಳೇ ಜೋಡಿ ಬಿಸಾಕಿದಾನೆ ಅಂತ ತಂದು ಹಾಕ್ದ. ಕುಣಿಕೇನೂ ಕಟ್ಟಿಸ್ದೆ. ಅರ್ಧ ಗಂಟೆ ಕೆಲಸ."

ಮನೆಯ ಮುಂದೆ ಇಳಿದಾಗ ಅಂಗಡಿಯ ಹೊಸ್ತಿಲಲ್ಲಿ ಹೆಂಡತಿ ಕ್ಯಾನ್ವಾಸು ಚೀಲವನ್ನು ಎರಡೂ ಕೈಗಳಿಂದ ಎಳೆಯುತ್ತಿದ್ದಳು. "ದಾರೀಲಿ ಬಿಟ್ಟು ಹೋಗಿದೀರಲ್ರೀ, ಎಡವಿ ಬಿದ್ದೆ! ಇದರಲ್ಲಿ ಏನು, ಬೆಟ್ಟ ತುಂಬಿಟ್ಟಿದೀರಾ?"

ಮೇಷ್ಟ್ರ ತೂಕದ ಯಂತ್ರ ಇನ್ನೂ ಅಲ್ಲೇ ಇತ್ತು. ಚೌಕಟ್ಟಪ್ಪನಿಗೆ ಅದೇನನ್ನಿಸಿತೋ, ಚೀಲವನ್ನೆತ್ತಿ ಅದರ ಮೇಲಿಟ್ಟ. ಮೇಷ್ಟ್ರು ಬಗ್ಗಿದರು.

"ಹದಿನೆಂಟು ಕಿಲೋ," ಎಂದರು. ಮೂವತ್ತೆಂಟರಲ್ಲಿ ಹದಿನೆಂಟನ್ನು ಕಳೆಯಲು ವಿಜ್ಞಾನದ ಮೇಷ್ಟ್ರಿಗೆ ಬೇಕಾದ್ದಕ್ಕಿಂತ ತುಂಬ ಹೆಚ್ಚು ಹೊತ್ತು ಹಿಡಿಯಿತು. "ಅಂದ್ರೆ, ನಿನ್ನ ಹಳೇ ರಾಡು ಸತ್ತಿರ್ಲಿಲ್ಲ ಕಣಯ್ಯಾ. ಚೀಲ ತೆಗೆದಿದ್ರೆ ಸಾಕಾಗಿತ್ತು."

ಚೀಲವನ್ನು ಮತ್ತೆ ಬಾಗಿಲಿಗೆ ತೂಗುಹಾಕೋಣವೆಂದರೆ ಕೊಕ್ಕೆಗಳೆಲ್ಲ ಚರಂಡಿಯಲ್ಲಿದ್ದವು. ಹಳೆಯ ರಾಡುಗಳನ್ನು ಕೇಳೋಣವೆಂದರೆ ಎದುರಂಗಡಿಯವನು ಆಗಲೇ ಎಂಟು ಕನ್ನಡಿಗಳಿಗೆ ಗಾಜು ತರಲು ಹೊರಟಿದ್ದ.

ಸಂಜೆ ನಾಲ್ಕು ಗಂಟೆಗೆ, ಬೆಳಗಿನಿಂದ ಕಾದಿದ್ದ ಪಟವನ್ನು ತಲುಪಿಸಲೇಬೇಕಾಗಿ ಬಂತು. ರಸ್ತೆಯುಬ್ಬಿನ ಬಳಿಯಿಂದ ಬಾಗಿಲು ತೆರೆದಂತೆಯೇ ಮನೆಗೆ ತಂದಿದ್ದ ಕಾರಿನೊಳಗೆ ಚೌಕಟ್ಟಪ್ಪ ಅದನ್ನು ಮಲಗಿಸಿ, ಆಕಾಶ ನೋಡುತ್ತಿದ್ದ ಬಾಗಿಲನ್ನು ಒಮ್ಮೆ ದಿಟ್ಟಿಸಿ, ಅದರ ತುದಿಗೆ ಜೋತುಬಿದ್ದು, ಕಾಲುಗಳನ್ನು ಗಾಳಿಯಲ್ಲಿ ಆಡಿಸುತ್ತ ಕೂಗಿದ:

"ಇವಳೇ! ಬಾಗಿಲು ಎಳ್ಕೋ ಬಾ!"

ಒಳಗೆ ಹೊಸ ತೋಳಿನ ಬಟ್ಟೆಯ ಮೇಲೆ ಕತ್ತರಿ ಹರಿದ ಸದ್ದು ಕೇಳಿಸಿತು. ಆಮೇಲೆ ಹೆಜ್ಜೆಗಳು. ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದು ಮಾತ್ರ ಕೇಳಿಸಲಿಲ್ಲ.

ಮುಂದಿನದನ್ನು ವರ್ಣಿಸುವುದು ಸಭ್ಯತೆಯಲ್ಲ. ಕಥೆಗಾರನಿಗೂ ಹೊರಡುವ ವೇಳೆಯಾಯಿತು. ಎರಡು ಅಂಗಿ, ಒಂದು ದುಪ್ಪಟಿ, ಮುಖಪುಟ ಹರಿದ ನಾಲ್ಕು ಕಾದಂಬರಿಗಳನ್ನು ಚೀಲಕ್ಕೆ ತುರುಕಿದ್ದಾಗಿದೆ. ವಿದ್ಯುಚ್ಛಕ್ತಿಯಾಗಲಿ ಮೇಷ್ಟ್ರ ಲೆಕ್ಕವಾಗಲಿ ಇಲ್ಲದೆ ಈ ಚೀಲದ ಜಿಪ್ಪು ಮೂರು ವರ್ಷಗಳಿಂದ ತಾನೇ ತಾನಾಗಿ ತೆರೆದುಕೊಳ್ಳುತ್ತಿದೆ. ಅದಕ್ಕೊಂದು ಹಗ್ಗ ಬಿಗಿದು, ಹೆಗಲಿಗೇರಿಸಿ, ಮುಂದಿನ ಬಸ್ಸಿಗೆ ಇಗೋ ಹೊರಟೆ.